ಮಲ್ಲಳ್ಳಿ ಜಲಪಾತಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಲು ಯಾವ ತಿಂಗಳು ಸರಿ?

ಮೈಸೂರಿನ ಮಗಳು (ಪ್ರಶ್ನೆ, ಜೂನ್)

ಎಲ್ಲರಿಗೂ ನಮಸ್ಕಾರ. ಕೊಡಗಿನ ಸೋಮವಾರಪೇಟೆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ.

ನನ್ನ ಅಮ್ಮನಿಗೆ ಈಗ 67 ವರ್ಷ. ಅವರು ಹುಟ್ಟಿದ್ದು ಶಾಂತಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. 19ಕ್ಕೆ ಮದುವೆಯಾಗಿ ಮೈಸೂರಿಗೆ ಬಂದರು. ಮಳೆಗಾಲದ ರಾತ್ರಿ ಮಲ್ಲಳ್ಳಿ ಜಲಪಾತದ ಸದ್ದು ಅವರ ಮನೆಗೆ ಕೇಳುತ್ತಿತ್ತಂತೆ. ಆದರೆ ಒಂದು ಸಲವೂ ಹೋಗಿ ನೋಡಿಲ್ಲ. ಆಗ ಸರಿಯಾದ ದಾರಿ ಇರಲಿಲ್ಲ, ಹೆಣ್ಣುಮಕ್ಕಳನ್ನು ಆ ಕಾಡಿಗೆ ಯಾರು ಕಳಿಸುತ್ತಿದ್ದರು ಅನ್ನುತ್ತಾರೆ. ತವರಿನ ತೋಟ ಮಾರಿ ಎಷ್ಟೋ ವರ್ಷವಾಯಿತು. ಆ ಕಡೆ ಹೋಗುವ ನೆಪವೂ ಇಲ್ಲದಂತಾಯಿತು. ಹೋದ ವಾರ ಟಿವಿಯಲ್ಲಿ ಜಲಪಾತ ತೋರಿಸಿದರು. ಅಮ್ಮ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಹಿಡಿದುಕೊಂಡು ಕೊನೆಯವರೆಗೂ ನೋಡಿದರು. ಇನ್ನು ತಡ ಮಾಡಬಾರದು ಅನ್ನಿಸಿದೆ.

ಅಮ್ಮನಿಗೆ ಮಂಡಿನೋವು ಇದೆ. ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಜಾಸ್ತಿ ಆದರೆ ಕಷ್ಟ. ಜೊತೆಗೆ ನನ್ನ 8 ವರ್ಷದ ಮಗ ಇರುತ್ತಾನೆ. ಜುಲೈನಲ್ಲಿ ನೀರು ತುಂಬಿರುತ್ತದೆ, ಆಗಲೇ ಹೋಗಿ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಮಗನಿಗೆ ದಸರಾ ರಜೆ ಇದೆ, ಅದು ಆಗಬಹುದಾ? ಇಲ್ಲ ಡಿಸೆಂಬರ್ ತನಕ ಕಾಯಬೇಕಾ? ಅಷ್ಟು ಹೊತ್ತಿಗೆ ನೀರು ಇರುತ್ತದಾ? ಒಂದೇ ಸಲ ಹೋಗುವುದು. ಹೋಗಿ ನೋಡಲಾಗದೆ ವಾಪಸ್ ಬರುವಂತೆ ಆಗಬಾರದು.

ಹಾಸನದ ಬೈಕು

ಜುಲೈ ಮಾತ್ರ ಬೇಡ ಅಕ್ಕ. ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಜುಲೈ ಮೂರನೇ ವಾರ ನಾಲ್ಕು ಜನ ಹೋದೆವು. ಉಳಿದುಕೊಂಡ ಕಡೆ ಫೋನ್ ಮಾಡಿ ಕೇಳಿದ್ದಕ್ಕೆ, ಇದೇ ಒಳ್ಳೆ ಟೈಮ್, ಫಾಲ್ಸ್ ಭರ್ತಿ ಇದೆ, ಬನ್ನಿ ಅಂದರು. ಅಡ್ವಾನ್ಸ್ ಪೂರ್ತಿ ತೆಗೆದುಕೊಂಡರು. ಅಲ್ಲಿ ಹೋಗಿ ನಿಂತರೆ ಎದುರಿಗೆ ಬರೀ ಬಿಳಿ ಮಂಜು. ಎರಡೂವರೆ ಗಂಟೆ ಕಾದೆವು. ಭಯ ಆಗುವಷ್ಟು ಸದ್ದು ಬರುತ್ತಿತ್ತು, ನೀರು ಮಾತ್ರ ಒಂದು ಹನಿಯೂ ಕಾಣಲಿಲ್ಲ. ಮಾರನೆಯ ದಿನ ಮಳೆ ಇನ್ನೂ ಜೋರಾಯಿತು, ದಾರಿಯಲ್ಲಿ ಮರ ಬಿದ್ದಿತ್ತು. ಉಳಿದ ಒಂದು ದಿನದ ಹಣ ವಾಪಸ್ ಕೇಳಿದರೆ ಕೊಡಲಿಲ್ಲ. ಫಾಲ್ಸ್ ಭರ್ತಿ ಇದೆ ಅಂದದ್ದು ನಿಜವೇ. ಕಾಣುವುದಿಲ್ಲ ಅನ್ನುವುದನ್ನೂ ಅವರು ಹೇಳಬೇಕಿತ್ತು, ಅಲ್ವಾ?

ಜಿಗಣೆ ಬೇರೆ. ಶೂ ಬಿಚ್ಚಿದಾಗ ಒಬ್ಬೊಬ್ಬರ ಕಾಲಿಗೆ ಐದಾರು. ಮಗು ಇದ್ದರೆ ಹೆದರಿಬಿಡುತ್ತದೆ.

ಆಮೇಲೆ ಒಂದು ಸಲ ಸೆಪ್ಟೆಂಬರ್ ಕೊನೆಗೆ ಹೋದೆ. ಪೂರ್ತಿ ಕಂಡಿತು. ನನ್ನ ಕೇಳಿದರೆ ಸೆಪ್ಟೆಂಬರ್ ಕೊನೆ.

ಶಾಂತಳ್ಳಿ ತೋಟದಮನೆ

ತಂಗಿ, ನಿಮ್ಮ ಅಮ್ಮ ಕೇಳಿದ ಸದ್ದು ನಮಗೆ ಈಗಲೂ ಕೇಳುತ್ತದೆ. ನಾನು ಮದುವೆಯಾಗಿ ಈ ಮನೆಗೆ ಬಂದು 31 ವರ್ಷ. ಮೊದಲ ಮಳೆಗಾಲದಲ್ಲಿ ರಾತ್ರಿ ಎದ್ದು ಕೂತು, ಲಾರಿ ಬರುತ್ತಿದೆ, ಯಾಕೆ ದಾಟಿ ಹೋಗುತ್ತಿಲ್ಲ ಅಂತ ಅತ್ತೆಯನ್ನು ಕೇಳಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ಅಮ್ಮನನ್ನು ಕರೆತರುವುದಾದರೆ ಸ್ವಾತಿ ಮಳೆ ಮುಗಿದ ಮೇಲೆ ಬನ್ನಿ. ಅಂದರೆ ನವೆಂಬರ್ ಎರಡನೇ ವಾರದಿಂದ ನಮ್ಮ ಸುಗ್ಗಿ ಹಬ್ಬ ಹುತ್ತರಿಯವರೆಗೆ, ಅದು ನವೆಂಬರ್ ಕೊನೆಗೆ ಅಥವಾ ಡಿಸೆಂಬರ್ ಮೊದಲಿಗೆ ಬರುತ್ತದೆ. ಅದರಲ್ಲೂ ವಾರದ ನಡುವೆ, ಮಂಗಳವಾರ ಬುಧವಾರ ಬನ್ನಿ.

ಯಾಕೆ ಅಂತ ಹೇಳುತ್ತೇನೆ. ನಮ್ಮಲ್ಲಿ ತಿಂಗಳು ನೋಡಿ ಮಳೆ ಹೇಳುವುದಿಲ್ಲ, ಮಳೆ ನಕ್ಷತ್ರ ನೋಡುತ್ತೇವೆ. ಜೂನ್ ಮೊದಲ ವಾರ ಕಳೆದ ಮೇಲೆ ಮೃಗಶಿರ. ಆಗ ಹೊಳೆಗೆ ಹೊಸ ನೀರು ಬರುತ್ತದೆ, ಮಣ್ಣಿನ ಬಣ್ಣದ ನೀರು. ಜಲಪಾತವೂ ಚಹಾದ ಬಣ್ಣದಲ್ಲಿ ಬೀಳುತ್ತದೆ. ಫೋಟೋದಲ್ಲಿ ಹಾಲಿನ ಹಾಗೆ ಕಾಣುವುದು ಆಗಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಊರೇ ಮಂಜಿನೊಳಗೆ. ನೀರು ತುಂಬಾ ಇರುತ್ತದೆ, ಹಾಸನದ ತಮ್ಮ ಹೇಳಿದ ಹಾಗೆ ಕಣ್ಣಿಗೆ ಸಿಗುವುದು ಅದೃಷ್ಟ. ಗಾಳಿ ಬಂದು ಮಂಜು ಸರಿದರೆ ಎರಡು ನಿಮಿಷ ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಹರೆಯದವರು ಎರಡು ನಿಮಿಷಕ್ಕೆ ಎರಡು ದಿನ ಕಾಯಬಹುದು. ಮಂಡಿನೋವಿನ ಅಮ್ಮನನ್ನು ನೆನೆಯಲು ನಿಲ್ಲಿಸಬೇಡಿ.

ಇನ್ನೊಂದು ಕಾರಣ ದಾರಿ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಜಾರಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಅಂದಿನಿಂದ ಆಗಸ್ಟ್ ಬಂದರೆ ನಾವು ಮನೆಯವರೇ ಬೇಕಿಲ್ಲದೆ ಎಲ್ಲೂ ಹೊರಡುವುದಿಲ್ಲ. ಹೊರಗಿನವರಿಗೆ ಬನ್ನಿ ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ.

ನಮ್ಮ ಮಾವ ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದರು. ತೋಟದವರ ಲೆಕ್ಕ ನಿಮ್ಮ ಅಮ್ಮನಿಗೆ ನೆನಪಿರಬೇಕು, ಇಂಚು ಮತ್ತು ಸೆಂಟು, ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ. ಬೆಳಿಗ್ಗೆ ಎಂಟಕ್ಕೆ ಅಳೆದು ಬರೆದಿಡುವುದು. ಮಾವ ಹೋದ ಮೇಲೆ ನಾನು ಬರೆಯುತ್ತಿದ್ದೇನೆ. ಹಳೆಯ ಪುಸ್ತಕ ತೆಗೆದರೆ ಜುಲೈ ಪುಟಗಳಲ್ಲಿ ದಿನಕ್ಕೆ ನಾಲ್ಕು ಇಂಚು, ಐದು ಇಂಚು ಅಂತ ಸಾಲಾಗಿ ಇದೆ. ಹವಾಮಾನದವರು ರೆಡ್ ಅಲರ್ಟ್ ಅಂದರೆ ಒಂದು ದಿನಕ್ಕೆ 20 ಸೆಂಟಿಮೀಟರಿಗಿಂತ ಜಾಸ್ತಿ ಬೀಳಬಹುದು ಅಂತ ಅರ್ಥ. ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಇಂಚು. ಅಷ್ಟು ಬಿದ್ದ ದಿನ ಮನೆ ಹಿಂದಿನ ತೋಡಿನ ಕಲ್ಲುಗಳು ಉರುಳುವ ಸದ್ದು ಕೇಳುತ್ತದೆ.

ಸೆಪ್ಟೆಂಬರ್ ಕೊನೆಯ ವಿಷಯಕ್ಕೆ ಬರುತ್ತೇನೆ. ತಮ್ಮ ಹೇಳಿದ್ದು ತಪ್ಪಲ್ಲ, ನೀರು ಅತಿ ಚೆಂದ ಇರುವುದು ಆಗಲೇ. ಉತ್ತರೆ ಮಳೆ ಹೊತ್ತಿಗೆ ನೀರು ತಿಳಿಯಾಗುತ್ತದೆ, ಆದರೂ ಭರ್ತಿ ಇರುತ್ತದೆ. ಸುತ್ತ ಎಲ್ಲ ಹಸಿರು. ಆದರೆ ಮೂರು ತಿಂಗಳು ನೆನೆದ ಮೆಟ್ಟಿಲ ಮೇಲೆ ಪಾಚಿ ಇರುತ್ತದೆ. ಬೈಕಿನಲ್ಲಿ ಬರುವ ಹುಡುಗರಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಅಮ್ಮ ಒಂದು ಸಲ ಜಾರಿದರೆ ಆಮೇಲೆ ಯಾವ ಜಲಪಾತವೂ ಬೇಡ.

ದಸರಾ ರಜೆ ಅಂದಿರಿ. ಆಗ ಹಸ್ತಾ ಮುಗಿದು ಚಿತ್ತಾ ಶುರುವಾಗುವ ಸಮಯ. ಚಿತ್ತಾ ಮಳೆ ವಿಚಿತ್ರ ಮಳೆ ಅನ್ನುವುದು ಸುಮ್ನೆ ಅಲ್ಲ. ಬೆಳಿಗ್ಗೆ ಚಿನ್ನದ ಬಿಸಿಲು, ಎರಡು ಗಂಟೆಗೆ ಗುಡುಗು. ಕೆಳಗೆ ಹನಿ ಬೀಳದೆ ಇದ್ದರೂ ಮೇಲೆ ಪುಷ್ಪಗಿರಿ ಬೆಟ್ಟದಲ್ಲಿ ಹೊಡೆದರೆ ಸ್ವಲ್ಪ ಹೊತ್ತಿನಲ್ಲೇ ನೀರು ಏರುತ್ತದೆ. ಬುಡದ ಬಂಡೆಯ ಮೇಲೆ ನಿಂತವರಿಗೆ ತಿಳಿಯುವುದೇ ಇಲ್ಲ. ಜೀವ ಹೋದದ್ದೂ ಇದೆ. ಜೊತೆಗೆ ಮಡಿಕೇರಿ ದಸರಾ. ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡಲು ಬಂದವರೆಲ್ಲ ಮಾರನೆಯ ದಿನ ಜಲಪಾತಗಳ ಕಡೆ ತಿರುಗುತ್ತಾರೆ. ಅಕ್ಟೋಬರ್ 17ರ ಹೊತ್ತಿಗೆ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ, ಆಗಲೂ ಜಿಲ್ಲೆಯ ರಸ್ತೆಗಳಲ್ಲಿ ವಾಹನ ಜಾಸ್ತಿ.

ನವೆಂಬರ್‌ಗೆ ನೀರು ಇರುತ್ತದಾ ಅಂತ ಕೇಳಿದಿರಿ. ಖಂಡಿತ ಇರುತ್ತದೆ. ಮೇಲಿನ ಶೋಲಾ ಕಾಡು, ಹುಲ್ಲುಗಾವಲು ಮಳೆಗಾಲವೆಲ್ಲ ನೀರು ಕುಡಿದು ಇಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಸ್ವಲ್ಪ ಸ್ವಲ್ಪ ಬಿಡುತ್ತದೆ. ಡಿಸೆಂಬರ್ ಮುಗಿಯುವವರೆಗೂ ನೋಡುವ ಹಾಗೆ ಇರುತ್ತದೆ. ಆದರೆ ಡಿಸೆಂಬರ್ ಕೊನೆಯ ಹತ್ತು ದಿನ ಕ್ರಿಸ್‌ಮಸ್ಸು ಹೊಸ ವರ್ಷ ಅಂತ ಜನ ತುಂಬುತ್ತಾರೆ, ಜೊತೆಗೆ ನಮ್ಮಲ್ಲಿ ಅರೇಬಿಕಾ ಕೊಯ್ಲು, ಕಿರಿದಾದ ರಸ್ತೆಯಲ್ಲಿ ಎದುರು ಪಿಕಪ್ ಬಂದರೆ ಹಿಂದೆ ತೆಗೆಯಲು ಕಷ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಬಂಡೆಯ ಮೇಲೆ ನೀರು ಎಳೆಯಾಗಿ ಇಳಿಯುತ್ತದೆ ಅಷ್ಟೆ. ಹೂಮಳೆ ಬಿದ್ದು ಕಾಫಿ ಅರಳಿದ ಒಂದು ವಾರ ಊರೆಲ್ಲ ಘಮ ಅನ್ನುತ್ತದೆ, ಅದಕ್ಕೆ ಬೇಕಾದರೆ ಬನ್ನಿ. ಜಲಪಾತಕ್ಕೆ ಅಲ್ಲ.

ಕುಟ್ಟದ ಕಡೆಯವನು

ಮೇಡಂ, ತೋಟದಮನೆ ಅಕ್ಕ ಹೇಳಿದ ಸಮಯಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮಂಡಿನೋವು ಅಂದಿರಲ್ಲ, ಅದಕ್ಕೆ ಒಂದು ಮಾತು. ಮಲ್ಲಳ್ಳಿಯ ಬುಡಕ್ಕೆ ಇಳಿಯಲು ಐನೂರರ ಹತ್ತಿರ ಮೆಟ್ಟಿಲಿದೆ. ಇಳಿದವರು ಹತ್ತಲೇಬೇಕು.

ನಮ್ಮ ದಕ್ಷಿಣ ಕೊಡಗಿನ ಇರ್ಪು ನೋಡಿ. ರಾಮೇಶ್ವರ ದೇವಸ್ಥಾನದ ತನಕ ವಾಹನ ಬರುತ್ತದೆ. ಅಲ್ಲಿಂದ ಕಾಡಿನ ನೆರಳಿನಲ್ಲಿ ನಡೆದರೆ ಜಲಪಾತ. 170 ಅಡಿ ಅನ್ನುತ್ತಾರೆ. ನೀರಿನ ತೀರಾ ಹತ್ತಿರ ಹೋಗಬಹುದು, ಹನಿ ಮುಖಕ್ಕೆ ಬೀಳುತ್ತದೆ. ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತರಿಸಿದ ಅನ್ನುವ ಕಥೆ ಮೊಮ್ಮಗನಿಗೂ ಇಷ್ಟವಾಗುತ್ತದೆ. ನಮ್ಮ ತಾಯಿಗೆ 70 ದಾಟಿದ ಮೇಲೂ ಕರೆದುಕೊಂಡು ಹೋಗಿದ್ದೇನೆ, ಎರಡು ಕಡೆ ಕೂತು ಸುಧಾರಿಸಿಕೊಂಡರು. ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಬೇಡ, ನಮಗೂ ಆಗ ಮಂಜು, ಜಿಗಣೆ ಎಲ್ಲ ಇದೆ. ಶಿವರಾತ್ರಿಗೆ ಜನ ಜಾಸ್ತಿ. ನವೆಂಬರ್ ಇಲ್ಲಿಗೂ ಒಳ್ಳೆಯದೇ.

ಮೈಸೂರಿನ ಮಗಳು

ಎಲ್ಲರಿಗೂ ಧನ್ಯವಾದ. ನಿಮ್ಮ ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ಇಂಚು ಸೆಂಟು ಅಂದ ಕೂಡಲೇ, ನಮ್ಮ ಅಪ್ಪನೂ ಬರೆಯುತ್ತಿದ್ದರು, ಕ್ಯಾಲೆಂಡರಿನ ಹಿಂದೆ, ಅಂದರು. ನನಗೆ ಇದು ಗೊತ್ತೇ ಇರಲಿಲ್ಲ.

ಇರ್ಪು ಬಗ್ಗೆ ಕೇಳಿದೆ. ಅದೂ ನೋಡೋಣ, ಆದರೆ ಮೊದಲು ಮಲ್ಲಳ್ಳಿ ಅಂದರು. ಮೆಟ್ಟಿಲಿನ ಚಿಂತೆ ಮಾತ್ರ ಉಳಿದಿದೆ. ತೋಟದಮನೆ ಅಕ್ಕ, ಇಳಿಯದೆ ನೋಡಲು ಆಗುತ್ತದಾ?

ಶಾಂತಳ್ಳಿ ತೋಟದಮನೆ

ಆಗುತ್ತದೆ ತಂಗಿ. ಇಳಿಯುವುದಕ್ಕೆ ಮೊದಲೇ ಮೇಲಿನಿಂದ ನೋಡುವ ಜಾಗ ಇದೆ. ಎದುರಿಗೆ ಕಣಿವೆ, ಆಚೆ ಜಲಪಾತ. ನಿಜ ಹೇಳಬೇಕೆಂದರೆ ಪೂರ್ತಿ ಮೈ ಕಾಣುವುದು ಅಲ್ಲಿಂದಲೇ. ಕೆಳಗೆ ಹೋದರೆ ನೀರಿನ ಜೋರು ಗೊತ್ತಾಗುತ್ತದೆ, ಆದರೆ ಅದು ಬಂದ ಬೆಟ್ಟ, ಹೋಗುವ ಕಣಿವೆ ಎರಡನ್ನೂ ಒಟ್ಟಿಗೆ ನೋಡಲು ಮೇಲೆಯೇ ನಿಲ್ಲಬೇಕು. ಅಮ್ಮ ಅಲ್ಲಿ ಕೂರಲಿ. ಮಗನ ಜೊತೆ ನೀವು ಅರ್ಧ ಇಳಿದು ಬನ್ನಿ, ನೀರಿಗೆ ಮಾತ್ರ ಇಳಿಸಬೇಡಿ. ನವೆಂಬರ್‌ನಲ್ಲಿ ಶಾಂತವಾಗಿ ಕಂಡರೂ ಗುಂಡಿ ಆಳ, ಬಂಡೆ ಜಾರುತ್ತದೆ.

ಮೈಸೂರಿನಿಂದ ಕುಶಾಲನಗರ, ಸೋಮವಾರಪೇಟೆ, ಶಾಂತಳ್ಳಿ ದಾರಿ ಹಿಡಿಯಿರಿ. ಸೋಮವಾರಪೇಟೆಯಿಂದ ಸುಮಾರು 25 ಕಿಲೋಮೀಟರ್. ಪೆಟ್ರೋಲ್, ಮಾತ್ರೆ, ತಿಂಡಿ ಎಲ್ಲ ಪೇಟೆಯಲ್ಲೇ ನೋಡಿಕೊಳ್ಳಿ. ಆಮೇಲೆ ಫೋನ್ ನಂಬಬೇಡಿ. ಬೆಳಿಗ್ಗೆ ಹತ್ತಕ್ಕೆ ಮೊದಲು ಬಂದರೆ ಮಂಜು ಇರಬಹುದು, ಆದರೂ ಬೇಗ ಬನ್ನಿ, ಕಾದರೆ ಸರಿಯುತ್ತದೆ. ಸಂಜೆ ಕತ್ತಲಾಗುವ ಮೊದಲು ಪೇಟೆ ಸೇರಿಕೊಳ್ಳಿ, ಆನೆ ಓಡಾಡುವ ಜಾಗ. ಜಿಗಣೆ ಆಗ ಕಡಿಮೆ, ಇಲ್ಲವೇ ಇಲ್ಲ ಅನ್ನಲಾರೆ. ಸುಣ್ಣ ಮತ್ತು ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳಿ. ಹೇಗೆ ಅಂತ ಅಮ್ಮನಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ, ಮಗನಿಗೆ ಹೇಳಿ. ಇದು ಕುಮಾರಧಾರಾ ನದಿ. ಇಲ್ಲಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿನ ಸಮುದ್ರಕ್ಕೆ ಹೋಗುತ್ತದೆ. ಕೊಡಗು ಅಂದರೆ ಎಲ್ಲ ನೀರೂ ಕಾವೇರಿಗೆ ಅಂತ ಜನ ತಿಳಿದಿದ್ದಾರೆ. ಹತ್ತಿರದ ಹಾರಂಗಿ ಕಾವೇರಿ ಸೇರಿ ನಿಮ್ಮ ಮೈಸೂರಿನ ಕಡೆ ಬರುತ್ತದೆ. ನಿಮ್ಮ ಅಮ್ಮನ ಹೊಳೆ ಪಶ್ಚಿಮಕ್ಕೆ ಹೋಯಿತು, ಅಮ್ಮ ಪೂರ್ವಕ್ಕೆ ಬಂದರು.

ಮೈಸೂರಿನ ಮಗಳು (ನವೆಂಬರ್)

ಹೋಗಿ ಬಂದೆವು. ಇಲ್ಲಿ ಸಹಾಯ ಮಾಡಿದವರಿಗೆ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಐದಕ್ಕೆ ಹೊರಟೆವು. ಮಗನಿಗೆ ಒಂದು ದಿನ ಶಾಲೆ ತಪ್ಪಿಸಿದೆ. ಕುಶಾಲನಗರದಲ್ಲಿ ಇಡ್ಲಿ ತಿಂದು ಸೋಮವಾರಪೇಟೆ ದಾಟುವವರೆಗೂ ಅಮ್ಮ ಮಾತಾಡುತ್ತಲೇ ಇದ್ದರು. ಶಾಂತಳ್ಳಿ ಬಂದ ಮೇಲೆ ಮಾತು ನಿಂತಿತು. ಗದ್ದೆಯಲ್ಲಿ ಭತ್ತ ಬಲಿತಿತ್ತು. ಅವರ ಹಳೆಯ ಮನೆಯ ದಾರಿ ಬಂದಾಗ ಕಾರು ನಿಲ್ಲಿಸಲಾ ಅಂತ ಕೇಳಿದೆ. ಬೇಡ, ಮುಂದೆ ಹೋಗು ಅಂದರು.

ಹತ್ತು ಗಂಟೆಗೆ ತಲುಪಿದಾಗ ಮಂಜು ಇತ್ತು. ಅಕ್ಕ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಫ್ಲಾಸ್ಕಿನಲ್ಲಿದ್ದ ಬೆಲ್ಲದ ಕಾಫಿ ಕುಡಿಯುತ್ತಾ ಕೂತೆವು. ಹತ್ತು ಮುಕ್ಕಾಲಿಗೆ ಮಂಜು ಕೆಳಗಿನಿಂದ ಮೇಲಕ್ಕೆ ಎದ್ದಿತು. ಮೊದಲು ಕೆಳಗಿನ ಗುಂಡಿ ಕಂಡಿತು, ಆಮೇಲೆ ನಡುವಿನ ಬಂಡೆ, ಕೊನೆಗೆ ತುದಿ. ಹೊರಗಿನವರು ನಮ್ಮನ್ನು ಬಿಟ್ಟರೆ ಆರೇ ಜನ. ಮೆಟ್ಟಿಲು ಒಣಗಿತ್ತು, ಮಗ ಮತ್ತು ನಾನು ಅರ್ಧ ಇಳಿದೆವು. ಅವನ ಕಾಲಿಗೆ ಒಂದು ಜಿಗಣೆ ಹತ್ತಿತು. ಮೇಲೆ ಬಂದಾಗ ಅಜ್ಜಿ ಸುಣ್ಣದ ಗಂಟು ಮುಟ್ಟಿಸಿ ಬೀಳಿಸಿದರು. ಅವನು ಶಾಲೆಯಲ್ಲಿ ಈಗ ಇದನ್ನೇ ಹೇಳುತ್ತಿದ್ದಾನೆ.

ಅಮ್ಮ ಎರಡು ಗಂಟೆ ಕೂತಿದ್ದರು. ಹೊರಡುವಾಗ ಒಂದು ಮಾತು ಹೇಳಿದರು. ನೋಡಲು ತುಂಬಾ ಚೆನ್ನಾಗಿದೆ, ಆದರೆ ಸದ್ದು ಅದಲ್ಲ. ನಮ್ಮ ಮನೆಗೆ ಕೇಳುತ್ತಿದ್ದದ್ದು ಇದಕ್ಕಿಂತ ದಪ್ಪಗಿತ್ತು, ನೆಲದಿಂದ ಬರುತ್ತಿತ್ತು ಅಂದರು. ಬೇಸರದಿಂದ ಹೇಳಿದ್ದಲ್ಲ. ಮುಖ ನಗುತ್ತಲೇ ಇತ್ತು. ದಾರಿಯಲ್ಲಿ ಮತ್ತೆ ಎರಡು ಸಲ ಅದನ್ನೇ ಹೇಳಿದರು.

ಶಾಂತಳ್ಳಿ ತೋಟದಮನೆ

ಅಮ್ಮ ಹೇಳಿದ್ದು ಸರಿ. ಆ ಸದ್ದು ಪುಷ್ಯ ಮಳೆಯದು. ನವೆಂಬರ್‌ನಲ್ಲಿ ಸಿಗುವುದಿಲ್ಲ. ನೋಡುವ ಕಾಲ ಬೇರೆ, ಕೇಳುವ ಕಾಲ ಬೇರೆ ಅನ್ನುವುದು ನನಗೂ ಹೊಳೆಯಲಿಲ್ಲ. ನೀವು ನೋಡುವುದನ್ನು ಕೇಳಿದಿರಿ, ನಾನೂ ಅದಕ್ಕೇ ಉತ್ತರ ಕೊಟ್ಟೆ.

ಮುಂದಿನ ವರ್ಷ ಪುಷ್ಯ ಮಳೆಗೆ, ಜುಲೈ ಕೊನೆಗೆ, ನಮ್ಮ ಮನೆಗೇ ಬನ್ನಿ. ಎರಡು ರಾತ್ರಿ ಇರಿ. ಜಲಪಾತಕ್ಕೆ ಹೋಗುವುದೇ ಬೇಡ. ಹಿಂದಿನ ಕೋಣೆಯ ಕಿಟಕಿ ಆ ಕಡೆಗೇ ಇದೆ. ಹೊರಡುವ ಹಿಂದಿನ ದಿನ ಸಂಜೆ ನನಗೆ ಸಂದೇಶ ಹಾಕಿ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಬರಬೇಡಿ ಅಂತ ನಾನೇ ಹೇಳುತ್ತೇನೆ, ಆಗ ಒಂದು ವಾರ ಮುಂದೆ ಹಾಕೋಣ. ಮಡಿಕೇರಿ ಕಡೆಯಿಂದ ಸುತ್ತಬೇಡಿ, ಕುಶಾಲನಗರದ ದಾರಿಯಲ್ಲೇ ಹಗಲಲ್ಲಿ ಬನ್ನಿ. ಅಮ್ಮನಿಗೆ ದಪ್ಪ ಸ್ವೆಟರ್, ಮಗನಿಗೆ ಎರಡು ಜೊತೆ ಜಾಸ್ತಿ ಬಟ್ಟೆ ಇರಲಿ, ಇಲ್ಲಿ ಏನೂ ಒಣಗುವುದಿಲ್ಲ. ಒಲೆ ಹತ್ತಿರ ಹಾಕಿ ಕೊಡುತ್ತೇನೆ. ಕಣಿಲೆ, ಅಂದರೆ ಎಳೆ ಬಿದಿರಿನ ಪಲ್ಯ ಮಾಡುತ್ತೇನೆ, ಮೈಸೂರಲ್ಲಿ ಅಮ್ಮನಿಗೆ ಅದು ಸಿಕ್ಕಿರಲಿಕ್ಕಿಲ್ಲ.

ಬರುವಾಗ ಟಾರ್ಚ್ ತನ್ನಿ. ಆಗ ಕರೆಂಟು ಇರಲ್ಲ.